ಹಾರ ಹಾಕದ ಫೋಟೋ

ನನ್ನ ಕ್ಲಾಸಿನ ಗೆಳೆಯ ಬಾಂಗ್ಲಾ ಯುದ್ಧದಲ್ಲಿ ಸತ್ತಾಗ ಊರಿನಲ್ಲಿ ಉಳಿದದ್ದು ಅವನದೊಂದೇ ಫೋಟೋ. ಅದರಲ್ಲಿ ಅವನು ಸೀರೆ ಉಟ್ಟಿದ್ದ. ಪಕ್ಕದಲ್ಲಿ, ತಲೆಗೆ ರಟ್ಟಿನ ಕಿರೀಟ ಇಟ್ಟುಕೊಂಡು, ಅವನ ಹೆಗಲ ಮೇಲೆ ಕೈ ಹಾಕಿ ನಾನು ನಿಂತಿದ್ದೆ.

ಇದಕ್ಕೆ ಕಾರಣ ಕಂಪ್ಲಿಯ ನಮ್ಮ ಹೈಸ್ಕೂಲಿನ ವಾರ್ಷಿಕೋತ್ಸವ. ಪೌರಾಣಿಕ ನಾಟಕ. ಹುಡುಗಿಯರನ್ನು ಸ್ಟೇಜು ಹತ್ತಿಸುವ ಧೈರ್ಯ ಯಾವ ಮೇಷ್ಟ್ರಿಗೂ ಇರಲಿಲ್ಲ. ನಾನು ಉದ್ದಕ್ಕಿದ್ದೆ, ಆದ್ದರಿಂದ ರಾಜ. ಅವನಿಗೆ ಮೀಸೆ ಚಿಗುರಿರಲಿಲ್ಲ, ಮೇಲಾಗಿ ಅವನ ಅವ್ವನ ಹತ್ತಿರ ಮದುವೆಯ ರೇಷ್ಮೆ ಸೀರೆ ಇತ್ತು, ಆದ್ದರಿಂದ ರಾಣಿ. ಅಭಿನಯದ ಮಾತನ್ನು ಯಾರೂ ಎತ್ತಲಿಲ್ಲ. ನಾನು ಮಾತು ಮರೆತಾಗಲೆಲ್ಲ ಅವನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ರಾಜನ ಮಾತನ್ನೂ ಪಿಸುಗುಟ್ಟುತ್ತಿದ್ದ. ಮುಂದೆ ಕುಳಿತ ಹೆಂಗಸರು, ರಾಣಿಗೆ ಗಂಡನ ಮೇಲೆ ಎಂಥ ಪ್ರೀತಿ ಎಂದು ಮೆಚ್ಚಿಕೊಂಡರಂತೆ. ನಾಟಕ ಮುಗಿದ ಮೇಲೆ ಸ್ಟುಡಿಯೋದವನು ನಮ್ಮಿಬ್ಬರ ಆ ಫೋಟೋ ತೆಗೆದ.

ಅವನ ಊರು ಕಂಪ್ಲಿ ಹತ್ತಿರದ ಮೆಟ್ರಿ. ಕಾಲುವೆ ನೀರು ಬಂದು ಅವರ ಒಣ ಹೊಲ ಗದ್ದೆಯಾಗಿತ್ತು, ಮನೆಯಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ. ಆದರೂ ಮಿಲಿಟರಿ ಸೇರಿದ. ಯಾಕೋ ಎಂದು ಕೇಳಿದೆ.

"ಗದ್ದ್ಯಾಗ ಬಗ್ಗಿ ಬಗ್ಗಿ ನಡ ಹೋತಲೇ. ಅಲ್ಲಿ ನೆಟ್ಟಗ ನಿಂದ್ರಾಕ ಪಗಾರ ಕೊಡ್ತಾರಂತ" ಅಂದ.

ಒಮ್ಮೆ ಮಾತ್ರ ರಜೆಗೆ ಬಂದ. ಯೂನಿಫಾರ್ಮಿನಲ್ಲಿ ಒಂದು ಫೋಟೋ ತೆಗೆಸಿ ಹೋಗು ಎಂದು ಅವ್ವ ಹಿಂದೆ ಬಿದ್ದಳು. "ಮೀಸಿ ಇನ್ನೊಂದೀಟು ದಪ್ಪಾಗ್ಲಿ ಬೇ, ಮುಂದಿನ ಸಲ" ಎಂದು ಹೊರಟುಹೋದ.

ಆಮೇಲೆ ಸುದ್ದಿ ಬಂತು. ಹೆಣ ಬರಲಿಲ್ಲ, ಆಗೆಲ್ಲ ಅಲ್ಲೇ ಸುಟ್ಟುಬಿಡುತ್ತಿದ್ದರು. ಅವನ ಅವ್ವನಿಗೆ ಕೊನೆಯದಾಗಿ ನೋಡಲು ಮುಖ ಸಿಗಲಿಲ್ಲ. ನನಗೆ ಅಳು ಬರುವ ಬದಲು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಅಂಗಳದಲ್ಲಿದ್ದ ಸೈಕಲ್ಲಿಗೆ ಒದ್ದೆ. ಒಂದು ವಾರ ಕುಂಟಿದೆ.

ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಎಂದಾಯಿತು. ಸಭೆಗೆ ಫೋಟೋ ಬೇಕು. ನಮ್ಮ ಮನೆಯ ಗೋಡೆಯ ಮೇಲಿದ್ದ ರಾಜ-ರಾಣಿಯನ್ನು ಇಳಿಸಿ ಕೊಟ್ಟೆ. ರಾಣಿಗೆ ಹಾರ ಹಾಕಿ ರಾಷ್ಟ್ರಗೀತೆ ಹಾಡುವುದು ಹೇಗೆ ಎಂದು ಹೆಡ್‌ಮಾಸ್ತರರಿಗೆ ಚಿಂತೆಯಾಯಿತು. ಸ್ಟುಡಿಯೋದವನು ಚಿಂತೆ ಬ್ಯಾಡ್ರಿ ಅಂದ. ಆ ಫೋಟೋದಿಂದ ಗೆಳೆಯನ ಮುಖವನ್ನಷ್ಟೇ ದೊಡ್ಡದು ಮಾಡಿ, ಸೀರೆಯ ಜಾಗದಲ್ಲಿ ಯೂನಿಫಾರ್ಮು ಬರೆದು, ಮೂಗಿನ ಬುಲಾಕು ಮುಚ್ಚಲೆಂದು ದಪ್ಪ ಮೀಸೆ ಇಳಿಸಿದ. ಚಿತ್ರದಲ್ಲಿದ್ದವನು ಯಾವುದೋ ಠಾಣೆಯ ಫೌಜುದಾರನಂತಿದ್ದ.

ಸಭೆಯಲ್ಲಿ ಅವನ ಅವ್ವ ಅದನ್ನು ಬಹಳ ಹೊತ್ತು ನೋಡಿದಳು.

"ಇವ ಯಾರ್ರಿ?"

"ನಿಮ್ಮ ಮಗಾನ ಬೇ" ಅಂದರು ಹೆಡ್‌ಮಾಸ್ತರು.

"ನನ್ನ ಮಗ ಹಿಂಗಿದ್ದಿಲ್ಲ. ನನ್ನ ಸೀರಿ ಉಟ್ಕಂಡು ನಿಂತಿದ್ನಲ್ಲ, ಅದನ್ನ ಕೊಡ್ರಿ."

ಫೌಜುದಾರ ಶಾಲೆಯಲ್ಲೇ ಉಳಿದ. ನಾನು ನಮ್ಮ ಫೋಟೋಗೆ ಹೊಸ ಕಟ್ಟು ಹಾಕಿಸಿ ಮೆಟ್ರಿಗೆ ಒಯ್ದುಕೊಟ್ಟೆ. ಅವಳು ಸೆರಗಿನಿಂದ ಗಾಜು ಒರೆಸಿ, ಸೀರೆಯ ಅಂಚನ್ನು ಬೆರಳಿಂದ ಮುಟ್ಟಿ ನೋಡಿ, ಅಷ್ಟು ದಿನಗಳಲ್ಲಿ ಮೊದಲ ಸಲ ಜೋರಾಗಿ ಅತ್ತಳು. ಅಲ್ಲಿ ನನಗೂ ಅಳು ಬಂತು.

ವರ್ಷದ ಕಾರ್ಯಕ್ಕೆ ತಂಟೆ ಶುರುವಾಯಿತು. ಸತ್ತವರ ಫೋಟೋಗೆ ಹಾರ ಹಾಕಿ ಕುಂಕುಮ ಹಚ್ಚಬೇಕು ಎಂದು ನೆಂಟರು ಹೂವು ತಂದಿದ್ದರು. ಇದು ನಮ್ಮವ್ವನ ಕಿವಿಗೆ ಬಿದ್ದು, ಅವಳು ಮೊದಲ ಬಸ್ಸಿಗೇ ಮೆಟ್ರಿಗೆ ಹೋಗಿ ಫೋಟೋದ ಮುಂದೆ ನಿಂತಳು.

"ಬದುಕಿರೋ ನನ್ನ ಮಗಗ ಹಾರ ಹಾಕ್ತೀರೇನ್ರಿ? ನಿಮ್ಮ ಕೈ ಸೇದಿಹೋಗ್ಲಿ!"

ಹಾಗಾದರೆ ಫೋಟೋ ಕತ್ತರಿಸೋಣ ಎಂದರು ನೆಂಟರು. ಕತ್ತರಿಸಬೇಕೆಂದರೆ ಅವನ ಹೆಗಲಾದರೂ ಹೋಗಬೇಕು, ನನ್ನ ಕೈಯಾದರೂ ಹೋಗಬೇಕು. ಎಲ್ಲರೂ ಅವನ ಅವ್ವನ ಮುಖ ನೋಡಿದರು. "ಕತ್ತರಿಸಾದೂ ಬ್ಯಾಡ, ಹಾರಾನೂ ಬ್ಯಾಡ. ಹಂಗ ಇರ್ಲಿ" ಅಂದಳು. ಜಗಳ ಗೆದ್ದ ಖುಷಿಯಲ್ಲಿ ನಮ್ಮವ್ವ ಅಲ್ಲೇ ಉಂಡು ಬಂದಳು. ಹೂವನ್ನು ದೇವರಿಗೆ ಏರಿಸಿದರಂತೆ.

ಅಲ್ಲಿಂದಾಚೆ ಅವನ ಅವ್ವ ನನ್ನ ಬೆನ್ನು ಬಿಡಲಿಲ್ಲ. ಸಂತೆಗೆ ಕಂಪ್ಲಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು, ನಾನು ಸೊರಗಿದ್ದೇನೆಯೇ ಎಂದು ಕಣ್ಣಿನ ರೆಪ್ಪೆ ಎಳೆದು ನೋಡುತ್ತಿದ್ದಳು. ಬೀಡಿ ಸೇದುವುದನ್ನು ಹೆಂಡತಿ ಬಿಡಿಸಲಾರದೆ ಹೋದಳು, ಈಕೆ ಬಿಡಿಸಿದಳು. ಯಶವಂತನಗರದಲ್ಲಿ ಅದಿರಿನ ಲಾರಿ ತೂಗುವ ಕೆಲಸ ಸಿಕ್ಕಾಗ ಊರೆಲ್ಲ ಸಂತೋಷಪಟ್ಟಿತು. ಈಕೆ ಮಾತ್ರ "ಲಾರಿ ಹಿಂದ ನಿಂದ್ರಬ್ಯಾಡಲೇ, ಡ್ರೈವರಗೋಳು ಕಣ್ಣು ಮುಚ್ಚಿ ಹೊಡೀತಾರ" ಎಂದು ಬಸ್ ಸ್ಟ್ಯಾಂಡಿನ ತನಕ ಬೈದುಕೊಂಡು ಬಂದಳು. ಮಗನ ಮೇಲಿನ ಪ್ರೀತಿಯನ್ನು ನನ್ನ ಮೇಲೆ ಸುರಿಯುತ್ತಿದ್ದಾಳೆ ಎಂದುಕೊಂಡಿದ್ದೆ. ಒಳಗೊಳಗೇ ಸ್ವಲ್ಪ ಜಂಬವೂ ಇತ್ತು.

ಗಣಿ ಕೆಲಸದಲ್ಲಿದ್ದಾಗ ನನಗೆ ಕಾಮಾಲೆಯಾಯಿತು. ಕಣ್ಣು, ಉಗುರು ಎಲ್ಲ ಹಳದಿ. ಕಂಪ್ಲಿಗೆ ಬಂದು ಮಲಗಿದ್ದೆ. ಆಗ ಅವಳಿಗೆ ಮಂಡಿ ಹಿಡಿದುಕೊಂಡು ನಡೆಯುವುದೇ ಕಷ್ಟವಾಗಿತ್ತು. ಆದರೂ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ, ಅದನ್ನು ಸ್ಟೀಲಿನ ಡಬ್ಬಿಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಬಂದಳು. ಹೇಗಿದ್ದೀ ಎಂದು ಕೇಳಲಿಲ್ಲ. ಮಂಚದ ಮೇಲೆ ಕುಳಿತು ಡಬ್ಬಿ ಬಿಚ್ಚಿದಳು. ಒಂದು ಗುಟುಕಿಗೇ ಮುಖ ತಿರುಗಿಸಿದೆ.

"ಕಹಿ ಐತಿ ಬೇ, ಬ್ಯಾಡ. ಸತ್ರ ಸಾಯ್ತೀನಿ ಬಿಡು" ಅಂದೆ.

ಅವಳು ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು.

"ನೀ ಅದಿ ಅಂತ ಆ ಫೋಟೋಕ್ಕ ಯಾರೂ ಹಾರ ಹಾಕಿಲ್ಲ. ನೀ ಹೋದಿ ಅಂದ್ರ ನಾಳಿಗೇ ಹೂವು ಹಿಡ್ಕಂಡು ಬರ್ತಾರ. ನನ್ನ ಮಗಾನೂ ಅವತ್ತ ಸಾಯ್ತಾನ. ಕುಡಿ."

ಕುಡಿದೆ.