ಮೊದಲು ಮನೆಗೆ, ಆಮೇಲೆ ಊರಿಗೆ

ಕನ್ನಡಕ ತೆಗೆದರೆ ಅವರ ಮೂಗಿನ ಎರಡೂ ಕಡೆ ಹುಣಸೆಬೀಜದಷ್ಟು ದೊಡ್ಡ ಕೆಂಪು ಗುಳಿಗಳು ಕಾಣುತ್ತಿದ್ದವು. ಟಿವಿಯಲ್ಲಿ ಅವು ಯಾರಿಗೂ ಕಂಡಿದ್ದಿಲ್ಲ, ಅವರು ಇರುತ್ತಿದ್ದ ಅನಗೋಳದ ನಮ್ಮ ಓಣಿಯವರಿಗಷ್ಟೇ ಗೊತ್ತು. ಬೆಳಗಾವಿಯ ಕೇಬಲ್ ಚಾನೆಲ್ಲಿನಲ್ಲಿ ದಿನಾ ಸಂಜೆ ಸುದ್ದಿ ಓದುತ್ತಿದ್ದ ಆಕೆ ಎಲ್ಲರ ಬಾಯಲ್ಲೂ 'ಸುದ್ದಿ ಅಕ್ಕಾರು'.

ಹುಟ್ಟೂರು ಖಾನಾಪುರ. ಮೊದಲು ಕನ್ನಡದಲ್ಲಿ, ಬೆನ್ನಿಗೇ ಮರಾಠಿಯಲ್ಲಿ ಓದುತ್ತಿದ್ದರು. ಒಂದಕ್ಕೂ ಇನ್ನೊಂದಕ್ಕೂ ಗುಂಜಿಯಷ್ಟು ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ರವಿವಾರ ಪೇಟೆಯ ವ್ಯಾಪಾರಿಗಳು ಯಾವುದಕ್ಕೇ ವಾದಕ್ಕಿಳಿಯಲಿ, 'ಅಕ್ಕಾರು ಹೇಳ್ಯಾರ' ಅಂದರೆ ಅಲ್ಲಿಗೆ ಮುಗಿಯಿತು. ಬೇರೆ ಚಾನೆಲ್ಲಿನವರು ಕಿರುಚುವುದನ್ನು ಕಂಡು ಆಕೆ ನಗುತ್ತಿದ್ದರು: 'ಸುದ್ದಿಗೇನ ಅವಸರ ಇರಂಗಿಲ್ಲವ್ವಾ. ಧೋತರಕ್ಕ ಬೆಂಕಿ ಹತ್ತಿದವರ ಹಂಗ ಇವರಿಗೇ ಅವಸರ.'

ಅವರದೊಂದು ಹಟವಿತ್ತು. ಸತ್ತವರ ಹೆಸರು ಅವರ ಮನೆಯವರಿಗೆ ಮುಟ್ಟುವ ಮೊದಲು ಓದುತ್ತಿರಲಿಲ್ಲ. 'ಮೊದ್ಲ ಮನಿಗೆ, ಆಮ್ಯಾಲ ಊರಿಗೆ' ಎನ್ನುತ್ತಿದ್ದರು. ಚಾನೆಲ್ಲಿನ ಮಾಲೀಕರು ಇದಕ್ಕಾಗಿ ಎಷ್ಟು ಹಾರಾಡಿದರೂ ಜಗ್ಗಲಿಲ್ಲ.

ಒಂದು ಮಳೆಗಾಲ, ಖಾನಾಪುರದಿಂದ ಬರುತ್ತಿದ್ದ ಬಸ್ಸು ಉರುಳಿತು. ನಮ್ಮಪ್ಪ ಅದರಲ್ಲಿದ್ದರು. ಫೋನ್ ಹತ್ತುತ್ತಿರಲಿಲ್ಲ. ಒಂದು ಚಾನೆಲ್ 'ಎಲ್ಲರೂ ಪಾರು' ಅಂದಿತು, ಇನ್ನೊಂದು 'ಯಾರೂ ಉಳಿದಿಲ್ಲ' ಅಂದಿತು. ಓಣಿಯ ಹೆಂಗಸರು ಬಂದು ಅಳಲು ಶುರು ಮಾಡಿದರು. ಅವ್ವ ಸಿಡುಕಿದಳು, 'ಅಕ್ಕಾರು ಹೇಳೂತನಕ ನಮ್ಮನ್ಯಾಗ ಯಾರೂ ಅಳಬ್ಯಾಡ್ರಿ.'

ಸುದ್ದಿಯ ಹೊತ್ತಾಯಿತು. ಅಕ್ಕಾರು ಹೇಳಿದ್ದು ಇಷ್ಟೇ: 'ತೀರಿಕೊಂಡವರ ಹೆಸರುಗಳು ನನ್ನ ಕೈಯಲ್ಲಿವೆ. ಅವರವರ ಮನೆಗೆ ತಿಳಿಸಿದ ಮೇಲೆ ಓದುತ್ತೇನೆ.' ಅಪ್ಪನ ಹೆಸರು ಅದರಲ್ಲಿದೆಯೋ ಇಲ್ಲವೋ ಎಂದು ನಾನು ಆಕೆಯ ಮುಖದಲ್ಲೇ ಹುಡುಕಿದೆ. ಏನೂ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವರೇ ನಿಂತಿದ್ದರು. ಟಿವಿಗೆಂದು ಹಚ್ಚಿದ ಪೌಡರ್ ಮಳೆಗೆ ಅರ್ಧ ತೊಳೆದುಹೋಗಿತ್ತು. ಅವ್ವನ ಬಾಜೂಕ್ಕೆ ನೆಲದ ಮೇಲೆ ಕೂತರು.

'ತಾಯೀ, ಯಜಮಾನ್ರು ಹೋದ್ರು.'

'ನೀವು ಕಣ್ಣಾರೆ ನೋಡೀರೇನ್ರಿ?'

'ದವಾಖಾನ್ಯಾಗ ನೋಡೇನ್ರಿ. ಸುದ್ದಿ ವ್ಯಾಳ್ಯಾ ಆಗಿತ್ತು. ಓದಿ, ನೆಟ್ಟಗ ನಿಮ್ಮಲ್ಲೇ ಬಂದೆ.'

ಅಂದರೆ ಓದುವಾಗಲೇ ಆಕೆಗೆ ಗೊತ್ತಿತ್ತು. ನಾವು ನೋಡುತ್ತ ಕೂತಿದ್ದೇವೆಂಬುದೂ ಗೊತ್ತಿತ್ತು. ಆ ಗಟ್ಟಿತನ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅವ್ವ ಆಗ ಅತ್ತಳು. ನೆಂಟರು ಬಂದು ಸೇರುವವರೆಗೆ ಅಕ್ಕಾರು ಕೂತಲ್ಲಿಂದ ಏಳಲಿಲ್ಲ.

ಹೋದ ವರ್ಷ ಅಕ್ಕಾರು ದವಾಖಾನೆಯಲ್ಲಿ ತೀರಿಕೊಂಡಾಗ ಅವ್ವ ಹತ್ತಿರವೇ ಇದ್ದಳು. ಹೊರಗೆ ಬಂದವಳೇ, 'ಖಾನಾಪುರಕ್ಕ ಗಾಡಿ ತಗಿ. ಅಲ್ಲಿ ಅಕ್ಕಾರ ಒಡಹುಟ್ಟಿದ ಅಕ್ಕ ಒಬ್ಬರ ಅದಾರ. ಈ ಧೋತರಕ್ಕ ಬೆಂಕಿ ಹತ್ತಿದ ಟಿವಿಯವರು ಹೇಳೂದ್ರಾಗ ನಾವು ಮುಟ್ಟಬೇಕು' ಅಂದಳು.

ಆ ಮುದುಕಿ ಟಿವಿ ಮುಂದೆ ಕೂತಿದ್ದರು. ಅವ್ವನ ಮುಖ ನೋಡಿದ್ದೇ ಎಲ್ಲ ತಿಳಿದುಹೋಯಿತು. ಆದರೂ ಕೇಳಿದರು, 'ಟಿವಿಯೊಳಗ ಇನ್ನೂ ಏನೂ ಹೇಳಿಲ್ಲಲ್ರೀ?'

'ಹೇಳಾವರ ಹೋದ್ರು ರೀ,' ಅಂದಳು ಅವ್ವ. 'ಅದಕ್ಕ ನಾ ಬಂದೀನಿ.'