ಭೌತಶಾಸ್ತ್ರಕ್ಕೆ ಕೇಳಿದ ಪ್ರಸಾದ

ನಾನು ಬಿ.ಎಸ್ಸಿ. ಸೇರಬೇಕೋ ನರ್ಸಿಂಗ್ ಸೇರಬೇಕೋ ಎಂಬುದನ್ನು ನಮ್ಮ ಮನೆಯಲ್ಲಿ ತೀರ್ಮಾನಿಸಿದ್ದು ದೇವರು. ಹಾಗೆಂದು ಅಪ್ಪ ಮೊನ್ನೆ ಮೊನ್ನೆಯವರೆಗೂ ನಂಬಿದ್ದ.

ಅಪ್ಪನದು ಶಿಕಾರಿಪುರದಲ್ಲಿ ಹಗ್ಗ, ತಾಡಪಾಲು, ಸಲಿಕೆ, ಮೊಳೆ ಮಾರುವ ಸಣ್ಣ ಅಂಗಡಿ. ಮೊಳೆ ಕೇಳಲು ಬಂದವನ ಕೈ ನೋಡಿಯೇ ಅದು ಬಾಗಿಲಿಗೋ ಕೊಟ್ಟಿಗೆಗೋ ಎಂದು ಹೇಳುವಷ್ಟು ಚುರುಕು. ಓದಿನ ವಿಷಯ ಬಂತೆಂದರೆ ಮಾತ್ರ ಕಕ್ಕಾಬಿಕ್ಕಿ. ನಾನು ಪಿಯುಸಿ ಪಾಸಾದ ಬೇಸಿಗೆಯಲ್ಲಿ ಗಿರಾಕಿಗಳನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದ. ನರ್ಸಿಂಗ್ ಆದರೆ ಮುಗಿದ ಮರುದಿನವೇ ಕೆಲಸ ಎಂದರು ಹೆಚ್ಚಿನವರು. ಈಸೂರಿನಿಂದ ಹಗ್ಗಕ್ಕೆ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು, "ಫಿಸಿಕ್ಸ್ ಓದಿದೋರಿಗೆ ಎಲ್ಲಿ ಹೋದ್ರೂ ಬೆಲೆ ಐತ್ರಿ" ಎಂದುಬಿಟ್ಟರು. ಅಪ್ಪನ ತಲೆ ಮತ್ತಷ್ಟು ಕೆಟ್ಟಿತು. ಬಿ.ಎಸ್ಸಿ. ಊರಲ್ಲೇ ಆಗುತ್ತಿತ್ತು, ಸರಿ. ಆದರೆ ಅದೊಂದರಿಂದ ಏನೂ ಆಗುವುದಿಲ್ಲ, ಹಾಸ್ಟೆಲಿನಲ್ಲಿದ್ದು ಎಂ.ಎಸ್ಸಿ. ಮಾಡಬೇಕು, ಆಮೇಲೆ ಬಿ.ಇಡಿ. ಅಷ್ಟಕ್ಕೆ ಇದ್ದದ್ದು ಒಂದೇ ದಾರಿ. ಮನೆ ಕಟ್ಟಿಸಲೆಂದು ತೆಗೆದಿಟ್ಟಿದ್ದ ಸೈಟು ಮಾರುವುದು.

ನನಗಂತೂ ಫಿಸಿಕ್ಸೇ ಬೇಕಿತ್ತು. ಕಾಲೇಜಿನಲ್ಲಿ ಸ್ಕ್ರೂಗೇಜು ಕೈಗೆ ಸಿಕ್ಕಿದ ವಾರ ಮನೆಯವರೆಲ್ಲರ ಒಂದೊಂದು ಕೂದಲು ಕಿತ್ತು ಪೊಟ್ಟಣ ಕಟ್ಟಿಕೊಂಡು ಹೋಗಿ ದಪ್ಪ ಅಳೆದವಳು ನಾನು. ಅಪ್ಪನ ಕೂದಲೇ ಎಲ್ಲರಿಗಿಂತ ದಪ್ಪ ಎಂದು ಹೇಳಿದಾಗ ಅವನು ಅದನ್ನು ಅಂಗಡಿಯಲ್ಲಿ ಎಂಟು ದಿನ ಹೇಳಿಕೊಂಡು ತಿರುಗಿದ. ಆದರೆ ಇಷ್ಟ ಎಂಬ ಕಾರಣಕ್ಕೆ ಸೈಟು ಮಾರು ಎನ್ನಲು ನನಗೆ ಬಾಯಿ ಬರಲಿಲ್ಲ.

"ನಂಗೆ ತಲಿ ಓಡವಲ್ದು. ಪ್ರಸಾದ ಕೇಳಿಬಿಡಾಣ" ಎಂದ ಅಪ್ಪ.

ಅಮ್ಮನ ತವರೂರು ಸೊರಬದ ಕಡೆಯ ಹೊಸಬಾಳೆ. ಅಲ್ಲಿನ ಪುಟ್ಟ ಈಶ್ವರನ ಗುಡಿಯಲ್ಲಿ ನಮ್ಮವರು ಮದುವೆ, ಬೋರ್‌ವೆಲ್, ಎತ್ತಿನ ವ್ಯಾಪಾರ ಎಲ್ಲಕ್ಕೂ ಪ್ರಸಾದ ಕೇಳುತ್ತಾರೆ. ಲಿಂಗಕ್ಕೆ ನೀರೆರೆದು, ಬಲಕ್ಕೊಂದು ಎಡಕ್ಕೊಂದು ಒದ್ದೆ ಹೂವಿನ ಎಸಳು ಅಂಟಿಸುತ್ತಾರೆ. ಕೇಳುವವರು ಕಣ್ಣುಮುಚ್ಚಿ ಕೂರುತ್ತಾರೆ. ಯಾವ ಬದಿಯದು ಮೊದಲು ಬೀಳುತ್ತದೋ ಅದೇ ಅಪ್ಪಣೆ.

ಬಲಕ್ಕಾದರೆ ಬಿ.ಎಸ್ಸಿ., ಎಡಕ್ಕಾದರೆ ನರ್ಸಿಂಗ್ ಎಂದು ಅಪ್ಪ ಅರ್ಚಕರಿಗೆ ಬಾಗಿಲಲ್ಲೇ ಹೇಳಿದ. ಅವರು ಹೂ ಕೊಯ್ಯಲು ಹಿಂದಕ್ಕೆ ಹೋದರು. ದೀಪಕ್ಕೆ ಎಣ್ಣೆ ಹಾಕು ಎಂದು ಅಮ್ಮ ನನ್ನನ್ನು ಒಳಗೆ ಕಳಿಸಿದಳು. ಎಣ್ಣೆ ಹಾಕಿದೆ, ಬತ್ತಿ ಮುಂದಕ್ಕೆ ಎಳೆದೆ. ಆಮೇಲೆ ಆ ಹಿತ್ತಾಳೆಯ ದೀಪವನ್ನು ಒಂದು ಗೇಣು ಬಲಕ್ಕೆ, ಲಿಂಗದ ಪಕ್ಕಕ್ಕೇ ಸರಿಸಿದೆ. ಬಿಸಿ ತಾಗಿದ ಕಡೆ ನೀರು ಬೇಗ ಆರುತ್ತದೆ, ನೀರು ಆರಿದ ಎಸಳು ನಿಲ್ಲುವುದಿಲ್ಲ. ಇದಕ್ಕೆ ಫಿಸಿಕ್ಸೂ ಬೇಕಿಲ್ಲ, ಬಟ್ಟೆ ಒಣಹಾಕಿದವರಿಗೆಲ್ಲ ಗೊತ್ತು. ಆದರೆ ಕಣ್ಣುಮುಚ್ಚಿ ಕೂತವರು ಯಾರೂ ದೀಪ ನೋಡುವುದಿಲ್ಲ.

ಕಾಲು ಗಂಟೆಯೊಳಗೆ ಬಲಗಡೆಯ ಎಸಳು ಬಿತ್ತು. "ಬಲಗಡೆ ಆಯ್ತು ಕಣ್ರೀ, ಧೈರ್ಯವಾಗಿ ಓದ್ಸಿ" ಎಂದರು ಅರ್ಚಕರು. ಅಪ್ಪನ ಕಣ್ಣಲ್ಲಿ ನೀರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ತಲೆ ಸವರುತ್ತಲೇ ಇದ್ದ. ನಾನು ಕಿಟಕಿಯ ಕಡೆ ತಿರುಗಿಕೊಂಡು ಒಳಗೊಳಗೇ ನಗುತ್ತಿದ್ದೆ. ನಾನು ಎಂ.ಎಸ್ಸಿ. ಸೇರಿದ ವರ್ಷ ಸೈಟು ಹೋಯಿತು.

ಈಗ ನಾನು ಸೊರಬದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹತ್ತು ವರ್ಷ ಕಳೆದರೂ ಅತಿಥಿಯೇ. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು, ಪಟ್ಟಿಯಲ್ಲಿ ಹೆಸರು ಬರುವವರೆಗೆ ಉಸಿರು ಬಿಗಿಹಿಡಿದು ಕೂರಬೇಕು, ರಜೆಯಲ್ಲಿ ಸಂಬಳವಿಲ್ಲ. ಈ ಸಲ ನನ್ನ ತರಗತಿಯಲ್ಲಿರುವುದು ಏಳು ಮಕ್ಕಳು. ಅವರೂ ಬೇರೆಲ್ಲೂ ಸೀಟು ಸಿಗದೆ ಬಂದವರು. ನನ್ನ ಜೊತೆ ಪಿಯುಸಿ ಓದಿ ನರ್ಸಿಂಗ್‌ಗೆ ಹೋದ ಚಿಕ್ಕಮ್ಮನ ಮಗಳು ಸರ್ಕಾರಿ ಕೆಲಸದಲ್ಲಿದ್ದಾಳೆ, ಮನೆ ಕಟ್ಟಿಸಿದ್ದಾಳೆ. ಗೃಹಪ್ರವೇಶದ ದಿನ ಹೊಟ್ಟೆ ಉರಿಯಿತು, ಸುಳ್ಳೇಕೆ. ಹಾಗಂತ ಓದಿದ್ದು ಪೂರ್ತಿ ದಂಡವೆಂದು ಹೇಳಲಾರೆ. ಕತ್ತಲೆ ಮಾಡಿದ ಲ್ಯಾಬಿನಲ್ಲಿ ಸೋಡಿಯಂ ದೀಪದ ಹಳದಿ ಗೆರೆ ಒಂದಲ್ಲ, ಎರಡು ಎಂದು ಆ ಏಳು ಮಕ್ಕಳಲ್ಲಿ ಒಬ್ಬಳು ತಾನೇ ಕಂಡು ಕೂಗಿದಾಗ ನನಗೆ ಆಗುವ ಸಂತೋಷ ಯಾವ ಕಾಯಂ ಕೆಲಸದವರಿಗೂ ಆಗಲಿಕ್ಕಿಲ್ಲ. ಆದರೆ ಆ ಸಂತೋಷಕ್ಕೆ ಕೊಟ್ಟ ಸೈಟು ನನ್ನದಾಗಿರಲಿಲ್ಲ.

ಕೆಲವು ವರ್ಷಗಳಿಂದ ಅಪ್ಪ ಸೋಮವಾರ ಒಪ್ಪತ್ತು ಹಿಡಿದಿದ್ದ. ಸಂಜೆಯವರೆಗೆ ನೀರು ಬಿಟ್ಟು ಬೇರೇನೂ ಇಲ್ಲ. ವಯಸ್ಸಾಯಿತು, ಭಕ್ತಿ ಹೆಚ್ಚಿತು ಎಂದುಕೊಂಡಿದ್ದೆ. ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಹೋದ ತಿಂಗಳು ಸೋಮವಾರ ಮಧ್ಯಾಹ್ನ ಅಂಗಡಿಯಲ್ಲೇ ಕುಸಿದು ಬಿದ್ದ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿ, ಇನ್ನೊಮ್ಮೆ ಹೀಗೆ ಉಪವಾಸ ಬಿದ್ದರೆ ಉಳಿಸಿಕೊಳ್ಳುವುದು ಕಷ್ಟ ಎಂದು ಡಾಕ್ಟರು ಬೈದು ಕಳಿಸಿದರು.

ಮನೆಗೆ ಬಂದು ನಾನೂ ಬೈದೆ. ಯಾವ ದೇವರು ಇದನ್ನು ಕೇಳಿದ್ದಾನೆ ಎಂದು ಕೂಗಾಡಿದೆ. ಅಪ್ಪ ಮಂಚದ ಮೇಲೆ ಕೂತು ಮೆತ್ತಗೆ ಹೇಳಿದ:

"ನಿಂಗೆ ಪ್ರಸಾದ ಬಲಗಡೆ ಆಗಿತ್ತಲ್ಲವ್ವ. ದೇವ್ರ ಮಾತು ಸುಳ್ಳಾಗಂಗಿಲ್ಲ. ಅಂದ್ಮ್ಯಾಲೆ ನಿನ್ನ ಕೆಲ್ಸ ಕಾಯಂ ಆಗಿಲ್ಲ ಅಂದ್ರೆ ಕೊರತಿ ನಂದೇ. ನಾ ಎಲ್ಲೋ ಏನೋ ತಪ್ಪು ಮಾಡೀನಿ. ಅದಕ್ಕ ಒಪ್ಪತ್ತು."

ಇಷ್ಟು ವರ್ಷ ಅವನು ಒಂದು ಸಲವೂ ಸೈಟಿನ ಮಾತೆತ್ತದೆ ಇದ್ದದ್ದಕ್ಕೆ, ನನ್ನ ಅಪ್ಪ ದೊಡ್ಡ ಮನಸ್ಸಿನವನು ಎಂದು ಹೆಮ್ಮೆಪಟ್ಟಿದ್ದೆ. ಅವನು ನನ್ನ ಪಾಲಿನ ತಪ್ಪನ್ನು ತನ್ನ ಹೊಟ್ಟೆಯ ಮೇಲೆ ಹಾಕಿಕೊಂಡು ಹಸಿದಿದ್ದ.

ಹೇಳಿಬಿಟ್ಟೆ. ದೀಪ ಸರಿಸಿದ್ದು, ಗೇಣು, ಬಿಸಿ, ನೀರು ಆರಿದ್ದು, ಎಲ್ಲ. ಮಕ್ಕಳಿಗೆ ಪಾಠ ಮಾಡುವ ಹಾಗೆ ಕೈಯಲ್ಲಿ ತೋರಿಸಿಯೂ ಹೇಳಿದೆ. ನಿನ್ನ ತಪ್ಪು ಏನೂ ಇಲ್ಲ ಅಪ್ಪ, ಊಟ ಮಾಡು ಎಂದು ಅತ್ತೆ. ಅವನು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಸಣ್ಣ ದನಿಯಲ್ಲಿ ಕೇಳಿದ:

"ಹಂಗಾರೆ ದೇವ್ರು ಏನ್ ಹೇಳಿದ್ದ?"

ಅವನು ದೇವರನ್ನು ಕೇಳಿದ್ದ, ದೇವರಿಗೆ ಮಾತಾಡಲು ನಾನು ಬಿಟ್ಟಿರಲಿಲ್ಲ, ಅಷ್ಟೇ.

ಮುಂದಿನ ಸೋಮವಾರ ಬೆಳಿಗ್ಗೆ ಯಾರೂ ಕರೆಯದೆಯೇ ಅಡುಗೆಮನೆಗೆ ಬಂದು ತಟ್ಟೆ ತೆಗೆದುಕೊಂಡು ಕೂತ. ಅಮ್ಮ ಖುಷಿಯಿಂದ ಅವಲಕ್ಕಿ ಬಡಿಸಿದಳು. ನಾನೂ ಡಾಕ್ಟರೂ ಬೇಡಿಕೊಂಡದ್ದು ಇದನ್ನೇ. ಅಪ್ಪ ತಲೆ ತಗ್ಗಿಸಿಕೊಂಡು ಒಂದೊಂದೇ ತುತ್ತು ತಿಂದ. ನನಗೆ ನೆನಪಿರುವಷ್ಟು ಕಾಲದಲ್ಲಿ ಮೊದಲ ಸಲ ಅವನ ಹಣೆಯಲ್ಲಿ ವಿಭೂತಿ ಇರಲಿಲ್ಲ.