ನಾನು ಅಳಿಸಿದ ದನಿ

ಹೊಸದಾಗಿ ಉದ್ಯಮ ಕಟ್ಟಿದವರನ್ನು ಮಾತನಾಡಿಸುವ ಪಾಡ್‌ಕಾಸ್ಟ್ ಒಂದನ್ನು ನಾನು ಹಾನಗಲ್ಲಿನಿಂದ ನಡೆಸುತ್ತೇನೆ. ಸ್ಟುಡಿಯೊ ಅಂತ ಏನಿಲ್ಲ. ಎರಡು ಮೈಕು, ಒಂದು ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಅವರಿದ್ದಲ್ಲಿಗೇ ಬಸ್ಸು ಹತ್ತುತ್ತೇನೆ. ಶಿಗ್ಗಾಂವಿ, ಹಿರೇಕೆರೂರು, ತಿಳವಳ್ಳಿ ಎಲ್ಲ ಕಡೆಗೂ ಹೋಗಿದ್ದೇನೆ. ಆದರೆ ಬಿಡದೆ ಕಾಡುವುದು ಸವಣೂರಿನ ಒಂದು ಮನೆ.

ಅಲ್ಲಿ ಅಕ್ಕ ತಂಗಿ ಸೇರಿ, ವೀಳ್ಯದೆಲೆಯನ್ನು ದೂರದ ಊರುಗಳಿಗೆ ಬಾಡದಂತೆ ಕಳಿಸುವ ರಟ್ಟಿನ ಪೆಟ್ಟಿಗೆ ತಯಾರಿಸುತ್ತಿದ್ದರು. ತಂಗಿ ಅರಳು ಹುರಿದಂತೆ ಮಾತನಾಡುವವಳು. ಅಕ್ಕನಿಗೆ ಉಗ್ಗು. ಗಾಳಿಯಾಡಲು ಪೆಟ್ಟಿಗೆಗೆ ಎಲ್ಲಿ ತೂತು ಬೇಕೆಂದು ಹೇಗೆ ಕಂಡುಕೊಂಡಿರಿ ಎಂದು ಕೇಳಿದಾಗ ತಂಗಿ, “ಆಪಾ, ನೀನ ಹೇಳು” ಎಂದಳು. ಅಕ್ಕ ಹೇಳಿದಳು. ಒಂದೊಂದು ಶಬ್ದಕ್ಕೂ ತಡೆದು, ಕಣ್ಣು ಮುಚ್ಚಿ, ರಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ. ನಾನು ತಲೆ ಅಲ್ಲಾಡಿಸುತ್ತ ಕುಳಿತಿದ್ದೆ. ಒಳಗೊಳಗೇ ಎಲ್ಲಿ ಕತ್ತರಿಸಲಿ ಎಂದು ಯೋಚಿಸುತ್ತಿದ್ದೆ.

ಅಷ್ಟನ್ನೂ ಕತ್ತರಿಸಿದೆ. ಆ ಕಂತನ್ನು ಬಹಳ ಜನ ಕೇಳಿದರು, ತಂಗಿಯನ್ನು ಹೊಗಳಿದರು. ಕೆಲವು ದಿನಗಳ ಮೇಲೆ ಅವಳದೇ ಫೋನು ಬಂತು.

“ಅಣ್ಣಾರ, ಆಪಾನ ಮಾತ ಎಲ್ಲಿ ಹೋತ್ರಿ?”

“ಭಾಳ ಉದ್ದ ಆಗಿತ್ತವಾ, ಅದಕ್ಕ...”

“ಬ್ಯಾರೇದವರ ಮುಂದ ಆಕಿ ಅಷ್ಟ ಮಾತಾಡಿದ್ದು ಅದ ಮೊದಲ್ರಿ. ಮನಿಮಂದೀನೆಲ್ಲಾ ಕೂಡಿಸಿಕೊಂಡು ಕೇಳಾಕ ಕುಂತಿದ್ಲು. ಮುಗಿಯೂ ತನಕ ಕಾದ್ಲು. ಆಮ್ಯಾಲ ಎದ್ದ ಹೋದಾಕಿ ಇನ್ನೂ ಪೆಟಗಿ ಮುಟ್ಟಿಲ್ಲ. ಮೊದಲಿನ ರೆಕಾರ್ಡಿಂಗ್ ಇದ್ರ ಕಳಸ್ರಿ.”

ಅದನ್ನು ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಅಳಿಸಿಬಿಟ್ಟಿದ್ದೆ.

ಮರುದಿನವೇ ಸವಣೂರಿಗೆ ಹೋದೆ. ಬಾಗಿಲು ತೆರೆದದ್ದು ಅಕ್ಕನೇ. ಚಹಾ ಕೊಟ್ಟಳು. ತಪ್ಪಾಯಿತು, ಇನ್ನೊಮ್ಮೆ ಹೇಳಿ, ಒಂದಕ್ಷರವನ್ನೂ ಬಿಡುವುದಿಲ್ಲ ಎಂದು ಮೈಕು ಜೋಡಿಸಿದೆ.

“ಆ... ಆರಿಸಿಬಿಡ್ರಿ ಅದನ್ನ,” ಎಂದಳು. ಆರಿಸಿದೆ.

“ಆವತ್ತ ಹೇ... ಹೇಳಿದ್ನಲ್ರಿ. ನೀವು ತಲಿ ಅಲ್ಲಾಡಿಸಿದ್ರಿ. ಖರೇನ ಕೇಳಾಕತ್ತಾರ ಅಂತ ತಿಳ್ಕೊಂಡೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಚಹಾ ಮುಗಿಸಿ ಎದ್ದೆ.

ಮುಂದಿನ ಕಂತಿನ ಮೊದಲಿಗೆ, ಪೆಟ್ಟಿಗೆಗೆ ಎಲ್ಲಿ ತೂತು ಬೇಕೆಂದು ಕಂಡುಕೊಂಡವಳು ಅಕ್ಕ, ಅವಳ ಮಾತನ್ನು ಕಿತ್ತು ಹಾಕಿದವನು ನಾನು ಎಂದು ಹೇಳಿದೆ. ಅವಳು ಅದನ್ನು ಕೇಳಿದಳೋ ಇಲ್ಲವೋ ಗೊತ್ತಿಲ್ಲ. ಪೆಟ್ಟಿಗೆಯ ಕೆಲಸಕ್ಕಂತೂ ಮರಳಲಿಲ್ಲ. ಅದೇ ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳಂತೆ. ತಂಗಿ ಒಬ್ಬಳೇ ನಡೆಸುತ್ತಿದ್ದಾಳೆ.

ಹೆಡ್‌ಫೋನ್ ಹಾಕಿಕೊಂಡಾಗಲೆಲ್ಲ ಅಕ್ಕ ಅಂದು ಹೇಳಿದ್ದನ್ನು ನೆನಪಿಸಿಕೊಳ್ಳಲು ನೋಡುತ್ತೇನೆ. ಆ ಬೆರಳು ರಟ್ಟಿನ ಮೇಲೆ ಓಡಾಡುವುದು ಕಾಣುತ್ತದೆ, ತುಟಿ ಅಲುಗುವುದು ಕಾಣುತ್ತದೆ. ಒಂದು ಶಬ್ದವೂ ಕೇಳಿಸುವುದಿಲ್ಲ. ಎದುರಿಗೇ ಕುಳಿತಿದ್ದವನು ನಾನು.

ಈಗ ಯಾರ ಮಾತನ್ನೂ ಕತ್ತರಿಸುವುದಿಲ್ಲ. ಎಳೆದಂತಾಗುತ್ತದೆ ಎಂದು ಕೇಳುಗರು ಬೈಯುತ್ತಾರೆ. ಮೊನ್ನೆ ರಟ್ಟೀಹಳ್ಳಿಯಲ್ಲಿ ಗಾಣ ಹಾಕಿದವರೊಬ್ಬರು ನಡುವೆ ಮಾತು ಸಿಗದೆ ನಿಂತರು. ಸುಮ್ಮನೆ ಕಾದೆ. ಬಹಳ ಹೊತ್ತಿನ ಮೇಲೆ, “ಕೇಳಾಕತ್ತೀರೇನ್ರಿ?” ಎಂದರು.

“ಹೂಂನ್ರಿ,” ಎಂದೆ. ಅವರನ್ನು ನಂಬಿಸಲು ಮತ್ತೇನು ಹೇಳಬೇಕೋ ತಿಳಿಯಲಿಲ್ಲ.